ಹಲವು ರೆಪೊಗಳಿಗೆ ಒಂದೇ ಲೇಬಲ್ ಪಟ್ಟಿ

ಪ್ರಶ್ನೆ: ಕೋಡ್ ಇಟ್ಟುಕೊಳ್ಳುವ ಗಿಟ್‌ಹಬ್ ತಾಣದಲ್ಲಿ ನಮ್ಮ ಸಂಸ್ಥೆಯ 40 ರೆಪೊಗಳಿವೆ (ಒಂದೊಂದೂ ಒಂದು ಯೋಜನೆಯ ಕೋಡ್ ಸಂಗ್ರಹ). ದೋಷ, ಕೆಲಸಗಳನ್ನು ದಾಖಲಿಸುವ ಇಶ್ಯೂಗಳಿಗೆ ಅಂಟಿಸುವ ಲೇಬಲ್‌ಗೆ ಒಂದೊಂದರಲ್ಲಿ ಒಂದೊಂದು ಹೆಸರು: ಒಂದರಲ್ಲಿ ‘ಬಗ್’, ಇನ್ನೊಂದರಲ್ಲಿ ‘ಟೈಪ್: ಬಗ್’, ಮತ್ತೊಂದರಲ್ಲಿ ‘ಡಿಫೆಕ್ಟ್’. ಒಟ್ಟಿಗೆ ಹುಡುಕಿದರೆ ಎಷ್ಟೋ ಇಶ್ಯೂಗಳು ಸಿಗುವುದೇ ಇಲ್ಲ. ಸಂಸ್ಥೆಯ ಸೆಟ್ಟಿಂಗ್ಸ್‌ನಲ್ಲಿ ಡೀಫಾಲ್ಟ್ ಲೇಬಲ್ ಬದಲಿಸಿದರೂ ಹಳೆಯ ರೆಪೊಗಳು ಹಾಗೇ ಇವೆ. ಏನು ಮಾಡಬೇಕು?

ಉತ್ತರ: ಆ ಸೆಟ್ಟಿಂಗ್ ಮುಂದೆ ತೆರೆಯುವ ರೆಪೊಗಳಿಗೆ ಮಾತ್ರ. ಹಳೆಯವಕ್ಕೆ ಸ್ಕ್ರಿಪ್ಟ್ ಬೇಕು. ಅದಕ್ಕೂ ಮೊದಲು ಒಂದು ಯಾಮಲ್ (ಸೆಟ್ಟಿಂಗ್‌ಗಳನ್ನು ಬರೆಯುವ ಸರಳ ಪಠ್ಯರೂಪ) ಕಡತದಲ್ಲಿ ಪಟ್ಟಿ ಮಾಡಿಕೊಳ್ಳಿ. ಪ್ರತಿ ಲೇಬಲ್‌ಗೆ ಹೆಸರು, ಬಣ್ಣ, ವಿವರಣೆ, ಜೊತೆಗೆ ಅದರ ಹಳೆಯ ಹೆಸರುಗಳೆಲ್ಲ ಇರಲಿ. ವಿವರಣೆ 100 ಅಕ್ಷರ ಮೀರಬಾರದು. ಬಣ್ಣ ಆರು ಸ್ಥಾನದ ಹೆಕ್ಸ್ ಸಂಖ್ಯೆ, ಮುಂದೆ ಹ್ಯಾಶ್ ಚಿಹ್ನೆ ಬೇಡ. ಆದರೆ ಉದ್ಧರಣ ಚಿಹ್ನೆಯೊಳಗೇ ಬರೆಯಿರಿ. ಇಲ್ಲವಾದರೆ 000000 ಬರೀ 0 ಆಗಿ ಗಿಟ್‌ಹಬ್‌ನ ಎಪಿಐ (ಸ್ಕ್ರಿಪ್ಟ್‌ಗಳು ಅದರೊಡನೆ ವ್ಯವಹರಿಸುವ ದಾರಿ) ಅದನ್ನು ತಿರಸ್ಕರಿಸುತ್ತದೆ.

ಹಳೆಯ ಹೆಸರುಗಳ ಆ ಸಾಲೇ ಈ ಕೆಲಸದ ಜೀವಾಳ. ಲೇಬಲ್‌ಗೆ ಮರುಹೆಸರಿಟ್ಟರೆ ಅದು ಅಂಟಿದ್ದ ಇಶ್ಯೂಗಳೆಲ್ಲ ಹಾಗೇ ಉಳಿಯುತ್ತವೆ. ಅಳಿಸಿ ಹೊಸದು ಮಾಡಿದರೆ ವರ್ಷಗಳ ವಿಂಗಡಣೆ ಒಮ್ಮೆಲೇ ಹೋಗುತ್ತದೆ. ಆದ್ದರಿಂದ ಮೊದಲು ಮರುಹೆಸರು, ಆಮೇಲೆ ಇಲ್ಲದ್ದನ್ನು ಸೇರಿಸುವುದು. ಒಂದು ರೆಪೊದ ಲೇಬಲ್‌ಗಳನ್ನು ಇನ್ನೊಂದಕ್ಕೆ ನಕಲಿಸುವ ‘ಜಿಎಚ್ ಲೇಬಲ್ ಕ್ಲೋನ್’ ಆದೇಶವನ್ನು (ಜಿಎಚ್ ಎಂದರೆ ಗಿಟ್‌ಹಬ್‌ನ ಕಮಾಂಡ್ ಲೈನ್ ಸಾಧನ) ಮೊದಲೇ ಓಡಿಸಿದರೆ ಈ ಕ್ರಮ ತಲೆಕೆಳಗಾಗುತ್ತದೆ: ‘ಡಿಫೆಕ್ಟ್’ ಪಕ್ಕದಲ್ಲೇ ಹೊಸ ‘ಬಗ್’ ಬಂದು ಕೂರುತ್ತದೆ, ಬಳಿಕ ಮರುಹೆಸರಿಡಲು ಹೋದರೆ ಆ ಹೆಸರು ಈಗಾಗಲೇ ಇದೆ ಎಂದು 422 ದೋಷ.

ಹಳೆಯ, ಹೊಸ ಲೇಬಲ್ ಎರಡೂ ಈಗಾಗಲೇ ಇದ್ದರೆ ವಿಲೀನವನ್ನು ನೀವೇ ಮಾಡಬೇಕು, ಗಿಟ್‌ಹಬ್‌ನಲ್ಲಿ ಅದಕ್ಕೆ ಸೌಲಭ್ಯವಿಲ್ಲ. ಹಳೆಯ ಲೇಬಲ್ ಇರುವ ಇಶ್ಯೂಗಳನ್ನು ತರಿಸಿ, ಹೊಸದನ್ನು ಸೇರಿಸಿ, ಕೊನೆಗೆ ಹಳೆಯದನ್ನು ಅಳಿಸಿ. ಎಪಿಐ ತಾನಾಗಿ ತೆರೆದ ಇಶ್ಯೂಗಳನ್ನಷ್ಟೇ, ಅದೂ ಪುಟಕ್ಕೆ 30ರಂತೆ ಕೊಡುತ್ತದೆ. ಮುಚ್ಚಿದವನ್ನೂ ಕೇಳಿ, ಎಲ್ಲ ಪುಟಗಳನ್ನೂ ಓದಿ. ಲೇಬಲ್ ಸೇರಿಸಲು ಎಪಿಐಗೆ ‘ಪೋಸ್ಟ್’ ಬಗೆಯ ವಿನಂತಿ ಕಳಿಸಿ. ‘ಪುಟ್’ ಬಳಸಿದರೆ ಆ ಇಶ್ಯೂವಿನ ಉಳಿದ ಲೇಬಲ್‌ಗಳೆಲ್ಲ ಅಳಿಯುತ್ತವೆ.

ಹೆಸರು ಹೋಲಿಸುವಾಗ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳನ್ನು ಒಂದೇ ಎಂದು ಎಣಿಸಿ. ಗಿಟ್‌ಹಬ್ ಕೂಡ ಹಾಗೇ ಎಣಿಸುತ್ತದೆ.

ಪ್ರಶ್ನೆ: ನನ್ನ ಕಂಪ್ಯೂಟರಿನಲ್ಲಿ ಸ್ಕ್ರಿಪ್ಟ್ ಓಡುತ್ತದೆ, ಆದರೆ 30 ರೆಪೊಗಳಿಗೇ ನಿಲ್ಲುತ್ತದೆ. ಗಿಟ್‌ಹಬ್‌ನಲ್ಲೇ ಸ್ಕ್ರಿಪ್ಟ್ ಓಡಿಸುವ ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಹಾಕಿದರೆ 403 (ಅನುಮತಿಯಿಲ್ಲ) ದೋಷ ಬರುತ್ತದೆ. ಏಕೆ?

ಉತ್ತರ: ರೆಪೊಗಳ ಹೆಸರು ತರಿಸುವ ‘ಜಿಎಚ್ ರೆಪೊ ಲಿಸ್ಟ್’ ಆದೇಶವು ಮಿತಿ ಹೇಳದಿದ್ದರೆ 30 ಹೆಸರುಗಳನ್ನಷ್ಟೇ ಕೊಡುತ್ತದೆ. ‘ಲಿಮಿಟ್’ ಆಯ್ಕೆಯಲ್ಲಿ 200 ಎಂದು ಕೊಡಿ. ಆರ್ಕೈವ್ ಆದ ರೆಪೊಗಳನ್ನು ಬಿಟ್ಟುಬಿಡಿ, ಅವುಗಳಲ್ಲಿ ಏನನ್ನೂ ಬರೆಯಲಾಗದು. ಆಕ್ಷನ್ಸ್ ತಾನಾಗಿ ಕೊಡುವ ಟೋಕನ್‌ಗೆ (ಪ್ರವೇಶದ ಗುಪ್ತ ಕೀಲಿ) ತನ್ನ ರೆಪೊದ ಆಚೆ ಬರೆಯುವ ಹಕ್ಕಿಲ್ಲ. ಇಶ್ಯೂಗಳನ್ನು ಓದುವ, ಬರೆಯುವ ಅನುಮತಿಯಷ್ಟನ್ನೇ ಕೊಟ್ಟು ಒಂದು ಗಿಟ್‌ಹಬ್ ಆ್ಯಪ್ ರಚಿಸಿ, ಸಂಸ್ಥೆಯಲ್ಲಿ ಇನ್‌ಸ್ಟಾಲ್ ಮಾಡಿ, ಅದರ ಟೋಕನ್ ಬಳಸಿ. ಒಬ್ಬರ ವೈಯಕ್ತಿಕ ಟೋಕನ್‌ಗಿಂತ ಇದು ಒಳ್ಳೆಯದು. ಅವರು ತಂಡ ಬಿಟ್ಟರೂ ಕೆಲಸ ನಿಲ್ಲುವುದಿಲ್ಲ. ಪ್ರತಿ ಬದಲಾವಣೆಯ ನಡುವೆ ಒಂದು ಸೆಕೆಂಡ್ ಬಿಡುವಿರಲಿ, ಇಲ್ಲದಿದ್ದರೆ ಗಿಟ್‌ಹಬ್ ತಡೆಯುವ ಸಂಭವವಿದೆ.

ಪ್ರಶ್ನೆ: ಪಟ್ಟಿಯಲ್ಲಿಲ್ಲದ ಲೇಬಲ್‌ಗಳನ್ನು ಸ್ಕ್ರಿಪ್ಟೇ ಅಳಿಸಲಿ ಎಂದರೆ?

ಉತ್ತರ: ಬೇಡ. ಅಳಿಸಿದ ಲೇಬಲ್ ಮುಚ್ಚಿದ ಇಶ್ಯೂಗಳಿಂದಲೂ ಹೋಗುತ್ತದೆ, ಮರಳಿ ತರುವ ಗುಂಡಿಯಿಲ್ಲ. ವಾರಕ್ಕೊಮ್ಮೆ ಸ್ಕ್ರಿಪ್ಟ್ ಅಂಥವುಗಳ ವರದಿ ಮಾತ್ರ ಕೊಡಲಿ. ಆಯಾ ರೆಪೊ ನೋಡಿಕೊಳ್ಳುವವರೇ ತೀರ್ಮಾನಿಸಲಿ. ಹೆಸರು ಬದಲಾದ ಮೇಲೆ ಹಳೆಯ ಹೆಸರನ್ನು ನಂಬಿಕೊಂಡಿರುವ ಆಕ್ಷನ್ಸ್‌ನ ವರ್ಕ್‌ಫ್ಲೋ ಕಡತಗಳನ್ನೂ, ಉಳಿಸಿಟ್ಟ ಹುಡುಕಾಟದ ಕೊಂಡಿಗಳನ್ನೂ ಅದೇ ದಿನ ತಿದ್ದಿಬಿಡಿ.