ವೆರಿಕೋಸೀಲ್‌ಗೆ ಆಂಟಿಆಕ್ಸಿಡೆಂಟ್ ಮಾತ್ರೆ ಸಾಕಾ, ಆಪರೇಶನ್ ಬೇಕಾ?

ಎಡಗಡೆ ಗ್ರೇಡ್ 2 ವೆರಿಕೋಸೀಲ್ (ವೃಷಣದ ರಕ್ತನಾಳ ಊದಿಕೊಳ್ಳುವ ತೊಂದರೆ, ಗ್ರೇಡ್ 2 ಅಂದರೆ ಮಧ್ಯಮ ಮಟ್ಟದ್ದು), ವೀರ್ಯಾಣು ಎಣಿಕೆ 9 ಮಿಲಿಯನ್, ಒಂದೂವರೆ ವರ್ಷದಿಂದ ಮಗುವಿಗೆ ಪ್ರಯತ್ನ. ಒಬ್ಬ ಡಾಕ್ಟರು ಆರು ತಿಂಗಳು ಆಂಟಿಆಕ್ಸಿಡೆಂಟ್ ಮಾತ್ರೆ ನುಂಗಿ ಅಂದರು, ಇನ್ನೊಬ್ಬರು ಆಪರೇಶನ್ ಅಂದರು, ಯಾರ ಮಾತು ಕೇಳಲಿ ಅಂತ ಕೇಳಿದ್ದೀರಿ. ನಾನು ಡಾಕ್ಟರಲ್ಲ, ಮುಂಬೈಯ ಮುಲುಂಡಿನಲ್ಲಿ ಹೋಟೆಲ್ ನಡೆಸುವವನು, ಊರು ಕುಂದಾಪುರದ ಹತ್ತಿರ. ಐದು ವರ್ಷದ ಹಿಂದೆ ಇದೇ ಗೊಂದಲದಲ್ಲಿ ಹತ್ತು ತಿಂಗಳು ಬರೀ ಮಾತ್ರೆಯಲ್ಲಿ ಕಳೆದೆ. ನಿಮಗೆ ಹಾಗಾಗಬಾರದು ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಮ್ಮಲ್ಲಿ ಮೊದಲು ಆಸ್ಪತ್ರೆ ಮೆಟ್ಟಿಲು ಹತ್ತಿದ್ದು ನನ್ನ ಹೆಂಡತಿ. ಸ್ಕ್ಯಾನ್, ಹಾರ್ಮೋನ್, ಟ್ಯೂಬ್ ಟೆಸ್ಟ್, ಎಲ್ಲ ಅವಳಿಗೇ. ಟ್ಯೂಬ್ ಟೆಸ್ಟ್ ದಿನ ನೋವಿನಿಂದ ಲೋಕಲ್ ಟ್ರೇನಿನಲ್ಲಿ ನಿಲ್ಲಲಾರದೆ ಬಾಗಿಲ ಪಕ್ಕ ನೆಲದಲ್ಲೇ ಕೂತುಬಿಟ್ಟಳು. ಊರಿಂದ ಅಮ್ಮ ಫೋನ್ ಮಾಡಿದಾಗೆಲ್ಲ "ಅವಳಿಗೆ ಎಂತಾರೂ ತೊಂದ್ರೆ ಇತ್ತಾ ಮಗಾ?" ಅಂತ ಕೇಳುತ್ತಿದ್ದರು. ನನ್ನ ವೀರ್ಯ ಪರೀಕ್ಷೆ ಆಗಿದ್ದು ಎಲ್ಲಕ್ಕಿಂತ ಕೊನೆಗೆ. ಎಣಿಕೆ 6 ಮಿಲಿಯನ್ ಬಂತು. ಆ ಚೀಟಿಯನ್ನು ಅವಳ ಕೈಗೆ ಕೊಡುವಾಗ ಆದ ಸಂಕಟ ಇವತ್ತಿಗೂ ಮರೆತಿಲ್ಲ.

ಈಗ ವಿಷಯಕ್ಕೆ ಬರೋಣ. ವೃಷಣದಿಂದ ರಕ್ತ ಮೇಲಕ್ಕೆ ಹೋಗುವ ನಾಳಗಳಲ್ಲಿ ಸಣ್ಣ ಕವಾಟಗಳಿರುತ್ತವೆ. ಅವು ಸರಿಯಾಗಿ ಮುಚ್ಚದಿದ್ದರೆ ರಕ್ತ ಕೆಳಕ್ಕೇ ಮರಳಿ ನಾಳಗಳು ಊದಿಕೊಳ್ಳುತ್ತವೆ. ಮಳೆಗಾಲದಲ್ಲಿ ಸಮುದ್ರ ಉಬ್ಬಿದಾಗ ಮುಂಬೈಯ ಗಟಾರದ ನೀರು ಹಿಂದಕ್ಕೆ ಬಂದು ರಸ್ತೆಯಲ್ಲಿ ನಿಲ್ಲುತ್ತದಲ್ಲ, ಹಾಗೆ. ಎಡಗಡೆಯೇ ಹೆಚ್ಚು ಯಾಕೆಂದರೆ ಎಡಗಡೆಯ ನಾಳ ನೇರ ಮೂತ್ರಪಿಂಡದ ನಾಳಕ್ಕೆ ಲಂಬವಾಗಿ ಸೇರುತ್ತದೆ, ಬಲಗಡೆಯದು ದೊಡ್ಡ ನಾಳಕ್ಕೆ ಓರೆಯಾಗಿ. ಬಲಗಡೆ ಮಾತ್ರ ಇದ್ದರೆ, ಅದೂ ಇದ್ದಕ್ಕಿದ್ದಂತೆ ಕಾಣಿಸಿಕೊಂಡಿದ್ದರೆ, ಹೊಟ್ಟೆಯ ಸ್ಕ್ಯಾನ್ ಮಾಡಿಸಲೇಬೇಕು. ನೂರರಲ್ಲಿ ಸುಮಾರು 15 ಗಂಡಸರಿಗೆ ವೆರಿಕೋಸೀಲ್ ಇರುತ್ತದೆ, ಅವರಲ್ಲಿ ಎಷ್ಟೋ ಜನರಿಗೆ ಮಕ್ಕಳೂ ಇವೆ. ಆದ್ದರಿಂದ ಇದೆ ಅಂದ ಮಾತ್ರಕ್ಕೆ ಹೆದರಬೇಡಿ.

ವೃಷಣ ಮೈಯ ಬಿಸಿಗಿಂತ ಎರಡು ಮೂರು ಡಿಗ್ರಿ ತಣ್ಣಗಿರಬೇಕು. ರಕ್ತ ನಿಂತಾಗ ಅಲ್ಲಿ ಬಿಸಿ ಏರುತ್ತದೆ, ಆಕ್ಸಿಜನ್‌ನಿಂದ ಹುಟ್ಟುವ ತೀಕ್ಷ್ಣ ಕಣಗಳೂ ಹೆಚ್ಚುತ್ತವೆ. ಡಾಕ್ಟರು ಆಕ್ಸಿಡೇಟಿವ್ ಸ್ಟ್ರೆಸ್ ಅನ್ನುವುದು ಇದನ್ನೇ. ನನಗೆ ಇದು ಅರ್ಥವಾಗಿದ್ದು ಅಡುಗೆಮನೆಯ ಲೆಕ್ಕದಲ್ಲಿ. ಕರಿದ ಎಣ್ಣೆಯನ್ನು ಬಾಣಲೆಯಲ್ಲಿ ಹಾಗೇ ಬಿಟ್ಟರೆ ಗಾಳಿ ತಾಗಿ ಕಮಟು ವಾಸನೆ ಬರುತ್ತದೆ. ವೀರ್ಯಾಣುವಿನ ಹೊರಪದರದಲ್ಲಿರುವುದೂ ಅಂಥದ್ದೇ ಬೇಗ ಕೆಡುವ ಕೊಬ್ಬು, ಆಗುವ ಕ್ರಿಯೆಯೂ ಅದೇ. ಆ ಪದರ ಕೆಟ್ಟರೆ ಈಜುವ ಶಕ್ತಿ ಹೋಗುತ್ತದೆ, ಒಳಗಿನ ಡಿಎನ್‌ಎ ತುಂಡಾಗುತ್ತದೆ. ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುವ ಸಾಮಗ್ರಿ ಅಷ್ಟು ಪುಟ್ಟ ಜೀವಕೋಶದಲ್ಲಿ ಇರುವುದೇ ಕಡಿಮೆ.

ಹಾಗಾದರೆ ಈ ತೀಕ್ಷ್ಣ ಕಣಗಳನ್ನು ತಣಿಸುವ ಆಂಟಿಆಕ್ಸಿಡೆಂಟ್ ನುಂಗಿದರೆ ಸರಿಹೋಗಬೇಕಲ್ಲ? ನಾನೂ ಹಾಗೇ ಅಂದುಕೊಂಡು ತಿಂಗಳಿಗೆ ಸಾವಿರಗಟ್ಟಲೆ ಸುರಿದೆ. ಆದರೆ ಮಾತ್ರೆ ಕವಾಟವನ್ನು ಮುಚ್ಚುವುದಿಲ್ಲ, ರಕ್ತ ಮರಳುತ್ತಲೇ ಇರುತ್ತದೆ. 2020ರಲ್ಲಿ ಅಮೆರಿಕದಿಂದ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ ಬಂತು. ಒಂದರಲ್ಲಿ ಬಂಜೆತನದ ತೊಂದರೆಯಿದ್ದ 171 ಗಂಡಸರಲ್ಲಿ ಅರ್ಧ ಜನರಿಗೆ ವಿಟಮಿನ್ ಸಿ, ಇ, ಸೆಲೆನಿಯಂ, ಕಾರ್ನಿಟಿನ್, ಜಿಂಕ್ ಎಲ್ಲ ಸೇರಿಸಿ ಕೊಟ್ಟರೂ ಮೂರು ತಿಂಗಳಲ್ಲಿ ಎಣಿಕೆಯೂ ಏರಲಿಲ್ಲ, ಡಿಎನ್‌ಎಯೂ ಸುಧಾರಿಸಲಿಲ್ಲ. ಇನ್ನೊಂದರಲ್ಲಿ 2,370 ದಂಪತಿಗಳು, ಗಂಡಂದಿರಿಗೆ ಫೋಲಿಕ್ ಆ್ಯಸಿಡ್ ಮತ್ತು ಜಿಂಕ್. ಹೆರಿಗೆಯಾದದ್ದು ಮಾತ್ರೆ ನುಂಗಿದವರಲ್ಲಿ 34 ಶೇಕಡಾ, ಸುಮ್ಮನೆ ಸಕ್ಕರೆ ಮಾತ್ರೆ ನುಂಗಿದವರಲ್ಲಿ 35. ಮಾತ್ರೆ ವಿಷವೇನಲ್ಲ. ಅದಕ್ಕೋಸ್ಕರ ಆರು ತಿಂಗಳು ಕಾಯಬೇಡಿ ಅನ್ನುವುದಷ್ಟೇ ನನ್ನ ಮಾತು. ಬೀಡಿ ಸಿಗರೇಟು ಇದ್ದರೆ ಮಾತ್ರ ಇವತ್ತೇ ಬಿಡಿ, ಅದು ಇದೇ ಬೆಂಕಿಗೆ ಎಣ್ಣೆ.

ಆಪರೇಶನ್ ಯಾರಿಗೆ? ಕೈಗೆ ಸಿಗುವ ವೆರಿಕೋಸೀಲ್ ಇರಬೇಕು, ವೀರ್ಯದ ರಿಪೋರ್ಟ್ ಕೆಟ್ಟಿರಬೇಕು, ಮಗು ಆಗದೆ ಇರಬೇಕು. ಮೂರೂ ಸೇರಿದರೆ ಆಪರೇಶನ್ ಬಗ್ಗೆ ಯೋಚಿಸಬಹುದು ಅನ್ನುತ್ತವೆ ಮಾರ್ಗಸೂಚಿಗಳು. ಬರೀ ಡಾಪ್ಲರ್ ಸ್ಕ್ಯಾನಿನಲ್ಲಿ (ರಕ್ತದ ಹರಿವು ತೋರಿಸುವ ಸ್ಕ್ಯಾನ್) ಕಂಡದ್ದಕ್ಕೆ ಕೊಯ್ಯಬಾರದು. ನನ್ನನ್ನು ಸರಿಯಾಗಿ ನೋಡಿದ ಯುರಾಲಜಿಸ್ಟ್ (ಮೂತ್ರ, ಜನನಾಂಗದ ತಜ್ಞ) ಮೊದಲು ಫ್ಯಾನ್ ನಿಲ್ಲಿಸಿದರು, ಚಳಿಗೆ ಚರ್ಮ ಬಿಗಿಯಬಾರದು ಅಂತ. ಆಮೇಲೆ ನನ್ನನ್ನು ಎದ್ದು ನಿಲ್ಲಿಸಿ, ಉಸಿರು ಕಟ್ಟಿ ಮುಕ್ಕಲು ಹೇಳಿ ಕೈಯಲ್ಲಿ ಮುಟ್ಟಿ ನೋಡಿದರು. ಅಲ್ಲಿಯವರೆಗೆ ಮಾತ್ರೆ ಬರೆದುಕೊಟ್ಟಿದ್ದ ಕ್ಲಿನಿಕ್ಕಿನಲ್ಲಿ ಒಬ್ಬರೂ ಮುಟ್ಟಿರಲಿಲ್ಲ. ನಿಮ್ಮ ಗ್ರೇಡ್ 2 ಅನ್ನು ಕೈಯಿಂದ ಹೇಳಿದರೋ, ಸ್ಕ್ಯಾನ್ ನೋಡಿ ಹೇಳಿದರೋ, ಅದನ್ನು ಮೊದಲು ಕೇಳಿಕೊಳ್ಳಿ. ವೀರ್ಯ ಪರೀಕ್ಷೆಯನ್ನೂ ಇನ್ನೊಂದು ಸಲ ಮಾಡಿಸಿ, ಅದಕ್ಕೆ ಮೊದಲು ಎರಡರಿಂದ ಏಳು ದಿನ ವೀರ್ಯ ಹೊರಹೋಗದಂತೆ ಇದ್ದು. ಒಂದೇ ರಿಪೋರ್ಟ್ ನಂಬುವ ಹಾಗಿಲ್ಲ. ಒಂದು ಮಿಲಿಲೀಟರಿಗೆ 16 ಮಿಲಿಯನ್ ವೀರ್ಯಾಣು ಅನ್ನುವ ವಿಶ್ವ ಆರೋಗ್ಯ ಸಂಸ್ಥೆಯ ಗಡಿಯೂ ಕಲ್ಲಿನ ಗೆರೆಯಲ್ಲ, ಅದಕ್ಕಿಂತ ಕೆಳಗಿದ್ದೂ ತಂದೆಯಾದವರಿದ್ದಾರೆ.

ಮಾಡಿಸುವುದಾದರೆ ಮೈಕ್ರೋಸ್ಕೋಪಿನಲ್ಲಿ ಮಾಡುವವರನ್ನು ಹುಡುಕಿ. ತೊಡೆಸಂದಿನ ಹತ್ತಿರ ಸಣ್ಣ ಕೊಯ್ತ, ಊದಿದ ನಾಳಗಳನ್ನು ಮಾತ್ರ ಕಟ್ಟಿ ಶುದ್ಧರಕ್ತದ ನಾಳ, ದುಗ್ಧನಾಳ (ಲಿಂಫ್ ನಾಳ) ಉಳಿಸುತ್ತಾರೆ. ದುಗ್ಧನಾಳ ಕಟ್ಟಿಹೋದರೆ ಮುಂದೆ ವೃಷಣದ ಸುತ್ತ ನೀರು ತುಂಬಿಕೊಳ್ಳಬಹುದು. ನಾನು ಮರುದಿನ ಬೆಳಿಗ್ಗೆ ಮನೆಗೆ ಬಂದೆ, ಮೂರು ವಾರ ಅಕ್ಕಿ ಮೂಟೆ ಮುಟ್ಟಲಿಲ್ಲ.

ಹೊಸ ವೀರ್ಯಾಣು ತಯಾರಾಗಲು ಎರಡೂವರೆ ಮೂರು ತಿಂಗಳು ಬೇಕು, ಹಾಗಾಗಿ ಆಪರೇಶನ್ ಆಗಿ ಮೂರು ತಿಂಗಳು ಕಳೆಯುವ ಮೊದಲಿನ ರಿಪೋರ್ಟಿಗೆ ಬೆಲೆಯಿಲ್ಲ. ನನ್ನದು ಆರನೇ ತಿಂಗಳಿಗೆ 19 ಮಿಲಿಯನ್‌ಗೆ ಬಂತು. ಎಲ್ಲರಿಗೂ ಏರುವುದಿಲ್ಲ, ಏರಿದ ಎಲ್ಲರಿಗೂ ಮಗು ಆಗುವುದಿಲ್ಲ. ನಮಗೆ ಒಂಬತ್ತನೇ ತಿಂಗಳಲ್ಲಿ ಗರ್ಭ ನಿಂತಿತು, ಈಗ ಮಗಳಿಗೆ ಎರಡೂವರೆ ವರ್ಷ.

ನೀವು ಬರೆಯದ ಒಂದು ಸಂಗತಿ ಇದೆ: ನಿಮ್ಮ ಹೆಂಡತಿಯ ವಯಸ್ಸು. ಮೂವತ್ತರೊಳಗಿದ್ದರೆ ಆಪರೇಶನ್ ಮಾಡಿಸಿ ವರ್ಷ ಕಾಯಬಹುದು. ಮೂವತ್ತೇಳು ಮೂವತ್ತೆಂಟಾಗಿದ್ದರೆ ಆ ಒಂದು ವರ್ಷ ದೊಡ್ಡದು, ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಬಗ್ಗೆಯೂ ಜೊತೆಗೇ ಮಾತಾಡಿ. ಯುರಾಲಜಿಸ್ಟ್ ಹತ್ತಿರ ಹೋಗುವಾಗ ಹೆಂಡತಿಯನ್ನೂ ಕರೆದುಕೊಂಡು ಹೋಗಿ. ವಯಸ್ಸು ಇಲ್ಲಿ ಬರೆದರೆ ನನಗೆ ತಿಳಿದಷ್ಟು ಹೇಳುತ್ತೇನೆ.