ಫರ್ನೇಸ್ ಕೋಣೆಯ ಬಾಗಿಲಿಗೆ ತೂತು ಯಾಕೆ?

ಚಳಿ ಶುರುವಾಯಿತೆಂದರೆ ಅಮೆರಿಕ, ಕೆನಡಾದ ಓದುಗರ ಪತ್ರಗಳು ಒಂದೇ ಕಡೆ ತಿರುಗುತ್ತವೆ: ಮನೆ ಬಿಸಿ ಮಾಡುವ ಗ್ಯಾಸ್ ಫರ್ನೇಸು. ಈ ಸಲ ನಾಲ್ಕು ಪತ್ರ ಆರಿಸಿಕೊಂಡಿದ್ದೇನೆ. ಊರಲ್ಲಿರುವವರು ಪುಟ ಮಗುಚಬೇಡಿ, ಕೊನೆಯದು ಮೈಸೂರಿನ ಪತ್ರ.

ಪ್ರಶ್ನೆ: ಷಿಕಾಗೋ ಹತ್ತಿರ ನಮ್ಮದೊಂದು ಹಳೆಯ ಮನೆ. ಬೇಸ್‌ಮೆಂಟಿನಲ್ಲಿ ರೂಮು ಕಟ್ಟಿಸುತ್ತಿದ್ದೇವೆ. ಫರ್ನೇಸು, ಬಿಸಿನೀರಿನ ಟ್ಯಾಂಕು ಎರಡನ್ನೂ 10 ಅಡಿ, 8 ಅಡಿಯ ಒಂದು ಕೋಣೆಗೆ ಸೇರಿಸಿ ಗಟ್ಟಿ ಬಾಗಿಲು ಹಾಕಿಬಿಡೋಣ ಅಂತಿದ್ದೆವು. ಪಕ್ಕದಲ್ಲೇ ದೇವರ ಮನೆ, ಸದ್ದು ಬೇಡ ಅಂತ. ಈಗ ಇನ್‌ಸ್ಪೆಕ್ಟರ್ ಬಂದು, ಬಾಗಿಲಿಗೆ ಮೇಲೊಂದು ಕೆಳಗೊಂದು ಜಾಲರಿ ಕಿಂಡಿ ಇಡದಿದ್ದರೆ ಪಾಸ್ ಮಾಡುವುದಿಲ್ಲ ಅನ್ನುತ್ತಿದ್ದಾರೆ. ಹೊಗೆ ಹೋಗಲು ಚಿಮಣಿ ಇದೆಯಲ್ಲ, ಮತ್ತೆ ಈ ತೂತು ಯಾಕೆ?
(ನೇಪರ್‌ವಿಲ್, ಇಲಿನಾಯ್)

ಉತ್ತರ: ಚಿಮಣಿ ಇರುವುದು ಹೊಗೆ ಹೋಗಲು. ಉರಿಗೆ ಗಾಳಿ ಎಲ್ಲಿಂದ ಬರಬೇಕು?

ಊರಿನ ಬಚ್ಚಲೊಲೆ ನೆನಪಿದೆ ತಾನೆ? ಬೇಗ ನೀರು ಕಾಯಲಿ ಅಂತ ಒಲೆ ಬಾಯಿಗೆ ಸೌದೆ ತುರುಕಿದರೆ ಉರಿ ಇಲ್ಲ, ಬರೀ ಹೊಗೆ. ಅಜ್ಜಿ ಬಂದು ಬೈದು, ಎರಡು ಸೌದೆ ಹಿಂದಕ್ಕೆ ಎಳೆದು, ಗಾಳಿಯಾಡಲು ಸಂದು ಮಾಡಿದ ಮೇಲೆ ಭಗ್ಗನೆ ಹತ್ತಿಕೊಳ್ಳುತ್ತಿತ್ತು. ಫರ್ನೇಸೂ ಒಂದು ಒಲೆಯೇ. ವ್ಯತ್ಯಾಸ ಇಷ್ಟೇ, ಬಚ್ಚಲೊಲೆಯ ಹೊಗೆ ಕಣ್ಣು ಉರಿಸಿ ನಮ್ಮನ್ನು ಹೊರಗೆ ಓಡಿಸುತ್ತಿತ್ತು. ಇದರದ್ದು ಕಾಣುವುದೂ ಇಲ್ಲ, ವಾಸನೆಯೂ ಇಲ್ಲ.

ಲೆಕ್ಕ ಹಾಕೋಣ. ಫರ್ನೇಸಿನ ಮುಂದಿನ ಮುಚ್ಚಳ ತೆಗೆದರೆ ಲೇಬಲ್ ಕಾಣುತ್ತದೆ, ಗಂಟೆಗೆ ಎಷ್ಟು ಬಿಟಿಯು (ಶಾಖದ ಅಳತೆ) ಅಂತ ಬರೆದಿರುತ್ತದೆ. ನಿಮ್ಮದು 80,000 ಅಂತಿಟ್ಟುಕೊಳ್ಳಿ, ನೀರಿನ ಟ್ಯಾಂಕು 40,000. ಒಟ್ಟು 1,20,000. ಒಂದು ಘನ ಅಡಿ ಗ್ಯಾಸ್ ಉರಿದರೆ ಸುಮಾರು 1,000 ಬಿಟಿಯು ಸಿಗುತ್ತದೆ, ಹಾಗಾಗಿ ಎರಡೂ ಒಟ್ಟಿಗೆ ಉರಿದರೆ ಗಂಟೆಗೆ 120 ಘನ ಅಡಿ ಗ್ಯಾಸ್. ಒಂದು ಪಾಲು ಗ್ಯಾಸಿಗೆ ಹತ್ತಿರ ಹತ್ತಿರ ಹತ್ತು ಪಾಲು ಗಾಳಿ ಬೇಕು. ಅಂದರೆ ಗಂಟೆಗೆ 1,200 ಘನ ಅಡಿ, ಅದೂ ಕನಿಷ್ಠ. ನಿಮ್ಮ ಕೋಣೆಗೆ 8 ಅಡಿ ಎತ್ತರದ ಸೂರು ಅಂದುಕೊಂಡರೂ ಒಳಗಿರುವುದು 640 ಘನ ಅಡಿ ಗಾಳಿ. ಅರ್ಧ ಗಂಟೆಯ ಸರಕು! ಅದು ಪೂರ್ತಿ ಮುಗಿಯುವವರೆಗೂ ಕಾಯಬೇಕಾಗಿಲ್ಲ, ಆಮ್ಲಜನಕ ಸ್ವಲ್ಪ ಇಳಿದರೂ ಉರಿ ಕೆಟ್ಟು ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷದ ಗಾಳಿ ಹುಟ್ಟಲು ಶುರುವಾಗುತ್ತದೆ.

ಅಮೆರಿಕದ ಗ್ಯಾಸ್ ಕೋಡುಗಳಲ್ಲಿ, ಅಂದರೆ ನಿಯಮಗಳಲ್ಲಿ, ಇದಕ್ಕೊಂದು ಸರಳ ಅಳತೆ ಇದೆ. ಪ್ರತಿ 1,000 ಬಿಟಿಯುಗೆ 50 ಘನ ಅಡಿ ಜಾಗ ಬೇಕು. ನಿಮಗೆ 6,000 ಘನ ಅಡಿ, ಅಂದರೆ 8 ಅಡಿ ಸೂರಿನ ಕೆಳಗೆ 750 ಚದರ ಅಡಿ. ಕೋಣೆ ಅಷ್ಟಿಲ್ಲ. ಅದಕ್ಕೇ ಪಕ್ಕದ ಜಾಗವನ್ನು ಕಿಂಡಿ ಇಟ್ಟು ಸೇರಿಸಿಕೊಳ್ಳಿ ಅಂತ ನಿಮ್ಮ ಇನ್‌ಸ್ಪೆಕ್ಟರ್ ಹೇಳುತ್ತಿರುವುದು. ಒಂದು ಕಿಂಡಿ ಸೂರಿನಿಂದ 12 ಇಂಚಿನೊಳಗೆ, ಇನ್ನೊಂದು ನೆಲದಿಂದ 12 ಇಂಚಿನೊಳಗೆ. ಪ್ರತಿ 1,000 ಬಿಟಿಯುಗೆ ಒಂದು ಚದರ ಇಂಚು, ಹಾಗಾಗಿ ಒಂದೊಂದೂ 120 ಚದರ ಇಂಚು.

ಇಲ್ಲಿ ಬಡಗಿಗಳು ಎಡವುತ್ತಾರೆ. 120 ಅನ್ನುವುದು ಗಾಳಿ ನುಗ್ಗುವ ಖಾಲಿ ಜಾಗ, ಜಾಲರಿಯ ಹೊರ ಅಳತೆ ಅಲ್ಲ. ಲೋಹದ ಜಾಲರಿಯಲ್ಲಿ 75 ಪರ್ಸೆಂಟ್ ಖಾಲಿ ಅಂತ ಹಿಡಿಯುತ್ತಾರೆ, ಮರದ ಪಟ್ಟಿಯದಾದರೆ ಬರೀ 25. ಲೋಹದ್ದಾದರೆ 12 ಇಂಚು, 14 ಇಂಚಿನದು ಸಾಕು. ಮರದ್ದಾದರೆ 480 ಚದರ ಇಂಚಿನ ಎರಡು ಬೇಕು, ಆಗ ಬಾಗಿಲಿನಲ್ಲಿ ಬಾಗಿಲು ಉಳಿಯುವುದೇ ಅನುಮಾನ. ಇನ್ನೊಂದು ವಿಷಯ: ಆ ಕಡೆಯ ಬೇಸ್‌ಮೆಂಟನ್ನೂ ಬಾಗಿಲು ಹಾಕಿ ತುಂಡು ತುಂಡು ಮಾಡಿದರೆ ಲೆಕ್ಕ ಮತ್ತೆ ತಪ್ಪುತ್ತದೆ.

ಸದ್ದೇ ಬೇಡ, ಗಟ್ಟಿ ಬಾಗಿಲೇ ಬೇಕು ಅಂದರೆ ಹೊರಗಿಂದ ಗಾಳಿ ತನ್ನಿ. ಹೊರಗೋಡೆಗೆ ನೇರ ಕಿಂಡಿ ಅಥವಾ ಮೇಲಿಂದ ನೆಟ್ಟಗೆ ಇಳಿಯುವ ಕೊಳವೆಯಾದರೆ ಪ್ರತಿ 4,000 ಬಿಟಿಯುಗೆ ಒಂದು ಚದರ ಇಂಚು ಸಾಕು, ಅಂದರೆ 30 ಚದರ ಇಂಚಿನ ಎರಡು. ಹೊಸದಾಗಿ ಬಿಗಿಯಾಗಿ ಕಟ್ಟಿದ ಮನೆಗಳಿಗಂತೂ ಇದೇ ದಾರಿ, ಯಾಕೆಂದರೆ 50 ಘನ ಅಡಿ ಲೆಕ್ಕ ನಿಂತಿರುವುದೇ ಸಂದುಗೊಂದುಗಳಿಂದ ಗಾಳಿ ನುಸುಳುವ ಮನೆ ಅನ್ನುವ ನಂಬಿಕೆಯ ಮೇಲೆ.

ಆ ಕೊಳವೆಯಿಂದ ಜನವರಿಯಲ್ಲಿ ಕೊರೆಯುವ ಗಾಳಿ ಬರುತ್ತದೆ, ಸುಳ್ಳು ಹೇಳುವುದಿಲ್ಲ. ಮಿಶಿಗನ್‌ನಲ್ಲಿ ನನ್ನ ಮೊದಲ ಚಳಿಗಾಲ, ಬಾಡಿಗೆ ಮನೆ. ಫರ್ನೇಸಿನ ಪಕ್ಕ ಬಾಯಿ ತೆರೆದುಕೊಂಡು ನೇತಾಡುವ ಕೊಳವೆ ಕಂಡು, ಯಾರೋ ಕೆಲಸ ಅರ್ಧಕ್ಕೆ ಬಿಟ್ಟು ಹೋಗಿದ್ದಾರೆ ಅಂದುಕೊಂಡು ಹಳೆಯ ಪಂಚೆಯೊಂದನ್ನು ತುರುಕಿದ್ದೆ. ಬಂದ ಮೆಕ್ಯಾನಿಕ್ ಅದನ್ನು ಗಜಗಟ್ಟಲೆ ಹೊರಗೆಳೆಯುತ್ತಾ ನನ್ನ ಮುಖ ನೋಡಿದ್ದು ಇನ್ನೂ ಮರೆತಿಲ್ಲ. ನೀವು ತುರುಕಬೇಡಿ.

ಆ ಕೋಣೆಯಲ್ಲಿ ಬ್ಲೀಚು, ಪೇಂಟ್ ತಿನ್ನರ್ ಡಬ್ಬಗಳನ್ನೂ ಇಡಬೇಡಿ. ಅದರ ಆವಿ ಗಾಳಿಯ ಜೊತೆ ಉರಿಗೆ ಹೋಗುತ್ತದೆ. ಬ್ಲೀಚಿನ ಕ್ಲೋರಿನ್ ಅಲ್ಲಿ ಆಮ್ಲವಾಗಿ ಫರ್ನೇಸಿನ ಒಳಲೋಹ ತಿನ್ನುತ್ತದೆ.

ಪ್ರಶ್ನೆ: ಒಗ್ಗರಣೆ ಘಾಟು ಮಕ್ಕಳ ಜಾಕೆಟ್ಟಿಗೆಲ್ಲ ಹತ್ತುತ್ತದೆ ಅಂತ ಕಳೆದ ತಿಂಗಳು ಒಲೆಯ ಮೇಲೆ ಹೊಗೆ ಹೊರಗೆಳೆಯುವ 900 ಸಿಎಫ್‌ಎಂನ ದೊಡ್ಡ ಹುಡ್ ಹಾಕಿಸಿದೆವು. ಘಾಟು ಹೋಯಿತು. ಮೊನ್ನೆ ಹೋಳಿಗೆ ಮಾಡುವಾಗ ಎರಡು ಗಂಟೆ ಅದನ್ನು ಓಡಿಸಿದ್ದೆ, ಬೇಸ್‌ಮೆಂಟಿನ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೂಗಿತು. ನಮ್ಮೆಜಮಾನರು ಬ್ಯಾಟರಿ ಹೋಗಿರಬೇಕು ಅಂತ ಕಿತ್ತಿಟ್ಟಿದ್ದಾರೆ. ಗ್ಯಾಸ್ ವಾಸನೆ ಏನೂ ಇರಲಿಲ್ಲ. ಹುಡ್ಡಿಗೂ ಇದಕ್ಕೂ ಸಂಬಂಧ ಇದೆಯಾ?
(ಎಡಿಸನ್, ನ್ಯೂಜೆರ್ಸಿ)

ಉತ್ತರ: ಇದೆ. ಆದರೆ ಮೊದಲು ಆ ಅಲಾರಂ ವಾಪಸ್ ಹಾಕಿಸಿ, ಆಮೇಲೆ ಮುಂದಕ್ಕೆ ಓದಿ.

ಬ್ಯಾಟರಿ ಮುಗಿದರೆ ಅದು ಆಗಾಗ ಒಂದೇ ಸಲ ಚಿಕ್ ಅನ್ನುತ್ತದೆ. ನಾಲ್ಕು ಸಲ ಕೂಗಿ, ತಡೆದು, ಮತ್ತೆ ನಾಲ್ಕು ಸಲ ಕೂಗಿದರೆ ಅದು ನಿಜವಾದ ಅಪಾಯ. ವಾಸನೆ ಬರಲಿಲ್ಲ ಅನ್ನುವುದು ಸಮಾಧಾನ ಅಲ್ಲ. ಗ್ಯಾಸಿಗೆ ವಾಸನೆ ಬೇಕಂತಲೇ ಬೆರೆಸಿರುತ್ತಾರೆ, ಉರಿದ ಮೇಲೆ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ. ಅಲಾರಂ ಸುಮ್ನೆ ಕೂಗುವ ವಸ್ತುವೂ ಅಲ್ಲ. ಗಾಳಿಯಲ್ಲಿ 70 ಪಿಪಿಎಂ (ಹತ್ತು ಲಕ್ಷ ಪಾಲಿಗೆ 70 ಪಾಲು) ಇದ್ದರೆ ಒಂದರಿಂದ ನಾಲ್ಕು ಗಂಟೆ ನೋಡಿ ಆಮೇಲೆ ಕೂಗುತ್ತದೆ, 400 ಪಿಪಿಎಂ ಇದ್ದರೆ 4ರಿಂದ 15 ನಿಮಿಷದೊಳಗೆ. ಅದು ಕೂಗುವ ಹೊತ್ತಿಗೆ ನೀವು ಆ ಗಾಳಿ ಕುಡಿದು ಸ್ವಲ್ಪ ಹೊತ್ತಾಗಿರುತ್ತದೆ. ಇನ್ನೊಮ್ಮೆ ಕೂಗಿದರೆ ಹೋಳಿಗೆ ಹಂಚಿನ ಮೇಲೇ ಇರಲಿ, ಒಲೆ ಆರಿಸುವುದಷ್ಟೇ ಕೆಲಸ, ಎಲ್ಲರೂ ಮನೆಯಿಂದ ಹೊರಗೆ ಬಂದು 911ಕ್ಕೆ ಫೋನ್ ಮಾಡಿ.

ಈಗ ಹುಡ್ಡಿನ ಕಥೆ. 900 ಸಿಎಫ್‌ಎಂ ಅಂದರೆ ನಿಮಿಷಕ್ಕೆ 900 ಘನ ಅಡಿ ಗಾಳಿ ಹೊರಗೆ. 2,000 ಚದರ ಅಡಿಯ ಮನೆಯಲ್ಲಿ ಇರುವುದೇ 16,000 ಘನ ಅಡಿ. ಫ್ಯಾನು ಹೇಳಿದಷ್ಟೂ ಎಳೆದರೆ ಹದಿನೆಂಟು ನಿಮಿಷಕ್ಕೆ ಮನೆಯ ಗಾಳಿಯೆಲ್ಲ ಹೊರಗೆ. ಅಷ್ಟು ಹೋದ ಮೇಲೆ ಅಷ್ಟೇ ಒಳಗೆ ಬರಬೇಕಲ್ಲ? ಚಳಿಗಾಲ, ಕಿಟಕಿ ಎಲ್ಲ ಮುಚ್ಚಿದೆ. ಉಳಿದಿರುವ ದೊಡ್ಡ ತೂತು ಯಾವುದು? ಚಿಮಣಿ. ಹಳೆಯ ಮಾದರಿಯ ನೀರಿನ ಟ್ಯಾಂಕಿನ ಹೊಗೆ ಮೇಲೇರುವುದು ಬಿಸಿಗಾಳಿ ಹಗುರ ಅನ್ನುವ ಒಂದೇ ಬಲದಿಂದ, ಅದಕ್ಕೆ ಫ್ಯಾನ್ ಇಲ್ಲ. ಬಹಳ ಮೆತ್ತಗಿನ ಎಳೆತ ಅದು. ನಿಮ್ಮ ಹುಡ್ಡು ಅದನ್ನು ಸುಲಭವಾಗಿ ಸೋಲಿಸುತ್ತದೆ. ಚಿಮಣಿಯಿಂದ ತಣ್ಣನೆ ಗಾಳಿ ಕೆಳಗಿಳಿಯುತ್ತದೆ, ಟ್ಯಾಂಕಿನ ಹೊಗೆ ಬೇಸ್‌ಮೆಂಟಿನಲ್ಲೇ ಚೆಲ್ಲುತ್ತದೆ. ಬಟ್ಟೆ ಒಣಗಿಸುವ ಡ್ರೈಯರ್ರೂ, ಬಾತ್‌ರೂಮಿನ ಫ್ಯಾನೂ ಇದೇ ಕೆಲಸ ಮಾಡುತ್ತವೆ, ಸಣ್ಣ ಮಟ್ಟದಲ್ಲಿ.

ನಮ್ಮವರ ಅಡುಗೆಗೆ ದೊಡ್ಡ ಹುಡ್ ಬೇಕು, ನಾನೂ ಒಪ್ಪುತ್ತೇನೆ. ಆದರೆ ಅಮೆರಿಕದ ಮಾದರಿ ವಸತಿ ಕೋಡಿನಲ್ಲಿ 400 ಸಿಎಫ್‌ಎಂ ದಾಟಿದ ಹುಡ್ಡಿಗೆ ಹೊರಗಿಂದ ಬದಲಿ ಗಾಳಿ ತರುವ ವ್ಯವಸ್ಥೆಯ ಮಾತಿದೆ. ಹುಡ್ ಮಾರುವವರು ಇದನ್ನು ಬಾಯಿಬಿಟ್ಟು ಹೇಳುವುದು ಕಡಿಮೆ, ಹೇಳಿದರೆ ಖರ್ಚು ಜಾಸ್ತಿಯಾಗಿ ಗಿರಾಕಿ ಹಿಂದೆ ಸರಿಯುತ್ತಾರಲ್ಲ. ನಿಮ್ಮ ಮನೆಗೆ ಮೆಕ್ಯಾನಿಕ್ ಬಂದು ಚಿಮಣಿ, ಟ್ಯಾಂಕು ಎರಡನ್ನೂ ಪರೀಕ್ಷೆ ಮಾಡುವ ತನಕ ಹುಡ್ ಓಡಿಸಲೇಬೇಡಿ.

ಅಲಾರಂ ಕೂಗದ, ಆದರೂ ಅನುಮಾನ ಇರುವ ಉಳಿದ ಓದುಗರಿಗೆ ಒಂದು ಪರೀಕ್ಷೆ ಹೇಳುತ್ತೇನೆ. ಕಿಟಕಿ ಬಾಗಿಲು ಮುಚ್ಚಿ, ಹುಡ್ಡು, ಡ್ರೈಯರ್, ಬಾತ್‌ರೂಮ್ ಫ್ಯಾನು ಎಲ್ಲ ಹಾಕಿ. ಟ್ಯಾಂಕಿನ ಉರಿ ಹತ್ತುವಂತೆ ಬಿಸಿನೀರು ಬಿಡಿ. ಐದು ನಿಮಿಷ ಕಾಯಿರಿ. ಟ್ಯಾಂಕಿನ ತಲೆಯ ಮೇಲೆ, ಚಿಮಣಿ ಪೈಪು ಶುರುವಾಗುವ ಕಡೆ, ಛತ್ರಿಯಂತಹ ಮುಚ್ಚಳದ ಕೆಳಗೆ ಸಂದು ಇರುತ್ತದೆ. ಅಲ್ಲಿ ಒಂದು ಊದಿನಕಡ್ಡಿ ಹಿಡಿಯಿರಿ. ಹೊಗೆ ಒಳಕ್ಕೆ ಎಳೆದುಕೊಂಡರೆ ಸರಿ. ಮುಖಕ್ಕೆ ವಾಪಸ್ ಬಂದರೆ ಎಲ್ಲ ಆರಿಸಿ, ಕಿಟಕಿ ತೆಗೆದು, ಮೆಕ್ಯಾನಿಕ್‌ಗೆ ಫೋನ್ ಮಾಡಿ. ಎಲ್ಲಾದರೂ ಗ್ಯಾಸ್ ವಾಸನೆ ಇದ್ದರೆ ಮಾತ್ರ ಕಡ್ಡಿ ಗೀರುವ ಯೋಚನೆಯನ್ನೇ ಮಾಡಬೇಡಿ.

ಪ್ರಶ್ನೆ: ಹಳೆಯ ಫರ್ನೇಸ್ ತೆಗೆದು 96 ಪರ್ಸೆಂಟ್ ದಕ್ಷತೆಯ ಹೊಸದು ಹಾಕಿಸಿದೆವು. ಚಿಮಣಿ ಬೇಡವಂತೆ, ಪಕ್ಕದ ಗೋಡೆಯಿಂದ ಎರಡು ಪ್ಲಾಸ್ಟಿಕ್ ಪೈಪು ಹೊರಗೆ ಬಂದಿವೆ. ಮೊನ್ನೆ ಹಿಮ ಬಿದ್ದ ರಾತ್ರಿ ಅದು ನಿಂತುಹೋಯಿತು. ಇನ್ನೊಂದು, ನೀರಿನ ಟ್ಯಾಂಕು ಮಾತ್ರ ಹಳೆಯ ಇಟ್ಟಿಗೆ ಚಿಮಣಿಯಲ್ಲೇ ಇದೆ. ಈಗ ಚಿಮಣಿಯ ಹತ್ತಿರದ ಗೋಡೆ ಒದ್ದೆ ಒದ್ದೆ. ಮಳೆ ನೀರಾ?
(ಮಿಸ್ಸಿಸಾಗಾ, ಕೆನಡಾ)

ಉತ್ತರ: ಮೊದಲನೆಯದು ಸುಲಭ. ಒಂದು ಪೈಪು ಗಾಳಿ ಎಳೆಯುತ್ತದೆ, ಇನ್ನೊಂದು ಹೊಗೆ ಬಿಡುತ್ತದೆ. ಹಿಮ ಯಾವುದರ ಬಾಯಿ ಮುಚ್ಚಿದರೂ ಒಳಗಿನ ಒತ್ತಡದ ಸ್ವಿಚ್ಚು ಗೊತ್ತುಮಾಡಿಕೊಂಡು ಫರ್ನೇಸನ್ನು ನಿಲ್ಲಿಸುತ್ತದೆ. ಅದು ಕೆಟ್ಟಿದ್ದಲ್ಲ, ನಿಮ್ಮನ್ನು ಉಳಿಸಿದ್ದು. ಸಲಿಕೆ ತಗೊಂಡು ಎರಡರ ಸುತ್ತಲೂ ಹಿಮ ತೆಗೆಯಿರಿ. ಬಟ್ಟೆ, ಸಣ್ಣ ಕಣ್ಣಿನ ಬಲೆ ಏನೂ ಕಟ್ಟಬೇಡಿ, ಬಲೆಯ ಮೇಲೆ ಹೊಗೆಯ ತೇವ ಹೆಪ್ಪುಗಟ್ಟಿ ಅದೇ ಮುಚ್ಚಳ ಆಗುತ್ತದೆ. ಪ್ರತಿ ವರ್ಷ ಇದೇ ಗೋಳಾದರೆ ಪೈಪಿನ ಬಾಯಿ ಇನ್ನೂ ಎತ್ತರಕ್ಕೆ ಹೋಗಬೇಕು.

ಎರಡನೆಯದೇ ನನಗೆ ಚಿಂತೆ. ಅದು ಮಳೆ ನೀರಾಗಿರಲಿಕ್ಕಿಲ್ಲ. ಗ್ಯಾಸ್ ಉರಿದಾಗ ಹೊಗೆಯಲ್ಲಿ ನೀರಾವಿ ತುಂಬಾ ಇರುತ್ತದೆ. ಮೊದಲು ಫರ್ನೇಸಿನ ಬಿಸಿ ಹೊಗೆ ಸೇರಿಕೊಂಡು ಚಿಮಣಿ ಬೆಚ್ಚಗಿರುತ್ತಿತ್ತು, ಆವಿ ಆವಿಯಾಗಿಯೇ ಹೊರಗೆ ಹೋಗುತ್ತಿತ್ತು. ಈಗ ಇಬ್ಬರು ನಡೆಸುತ್ತಿದ್ದ ಮನೆಯಲ್ಲಿ ಒಬ್ಬನೇ ಉಳಿದ ಹಾಗೆ, ಅಷ್ಟು ದೊಡ್ಡ ಚಿಮಣಿಯನ್ನು ಬೆಚ್ಚಗಿಡುವುದು ಸಣ್ಣ ಟ್ಯಾಂಕಿನ ಕೈಲಾಗುವುದಿಲ್ಲ. ಹೊಗೆ ದಾರಿಯಲ್ಲೇ ತಣ್ಣಗಾಗಿ ನೀರಾಗುತ್ತದೆ. ಅದು ಹುಳಿ ನೀರು, ಇಟ್ಟಿಗೆಯ ಗಾರೆ ತಿನ್ನುತ್ತದೆ. ಎಳೆತವೂ ಸೋಲುತ್ತದೆ, ಹೊಗೆ ವಾಪಸ್ ಬರಬಹುದು. ಚಿಮಣಿಯೊಳಗೆ ಟ್ಯಾಂಕಿಗೆ ತಕ್ಕ ಅಳತೆಯ ಲೋಹದ ಕೊಳವೆ ಇಳಿಸಬೇಕು, ಇಲ್ಲವೇ ಟ್ಯಾಂಕನ್ನೂ ಫ್ಯಾನ್ ಇರುವ ಮಾದರಿಗೋ ಕರೆಂಟಿನದಕ್ಕೋ ಬದಲಿಸಬೇಕು. ಫರ್ನೇಸ್ ಹಾಕಿದವರು ಅವತ್ತೇ ಇದನ್ನು ಹೇಳಬೇಕಿತ್ತು.

ಪ್ರಶ್ನೆ: ಮಗ ಮಿನೆಸೋಟಾದಲ್ಲಿದ್ದಾನೆ. ಆರು ತಿಂಗಳು ಕಿಟಕಿಯನ್ನೇ ತೆಗೆಯುವುದಿಲ್ಲವಂತೆ, ರಾತ್ರಿಯೆಲ್ಲ ಮನೆಯೊಳಗೆ ಗ್ಯಾಸ್ ಉರಿಯುತ್ತದಂತೆ. ನನಗೂ ನಮ್ಮ ಮನೆಯವರಿಗೂ ನಿದ್ದೆ ಬರುತ್ತಿಲ್ಲ. ನಮ್ಮ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದೆ, ಅದು ಹತ್ತು ನಿಮಿಷ ಉರಿದರೇ ತಲೆ ಸುತ್ತುತ್ತದೆ, ಇನ್ನು ರಾತ್ರಿಯೆಲ್ಲ ಅಂದರೆ?
(ಮೈಸೂರು)

ಉತ್ತರ: ಅಮ್ಮಾ, ಮಗನ ವಿಷಯ ಆಮೇಲೆ. ತಲೆ ಸುತ್ತುತ್ತದೆ ಅಂತ ಬರೆದಿರಲ್ಲ, ಅದನ್ನು ಮೊದಲು ನೋಡೋಣ.

ಮಗನ ಮನೆಯ ಉರಿ ಲೋಹದ ಪೆಟ್ಟಿಗೆಯೊಳಗೆ ಇರುತ್ತದೆ. ಅದರ ಹೊಗೆ ಪೈಪಿನಲ್ಲಿ ಹೊರಗೆ ಹೋಗುತ್ತದೆ, ರೂಮಿಗೆ ಬರುವುದು ಆ ಪೆಟ್ಟಿಗೆಯ ಹೊರಮೈ ಸವರಿ ಬಿಸಿಯಾದ ಬೇರೆ ಗಾಳಿ. ನಿಮ್ಮ ಬಚ್ಚಲ ಗೀಸರಿಗೆ ಹೊಗೆ ಹೋಗುವ ಪೈಪೇ ಇಲ್ಲದಿದ್ದರೆ, ಅದು ಉರಿಯಲು ಬೇಕಾದ ಗಾಳಿ ತಗೊಳ್ಳುವುದೂ ಹೊಗೆ ಬಿಡುವುದೂ ನೀವು ಸ್ನಾನ ಮಾಡುತ್ತಿರುವ ಅದೇ ಪುಟ್ಟ ಕೋಣೆಗೆ. ಅಷ್ಟೇ ಬಿಸಿ ಕೊಡಲು ಸಿಲಿಂಡರಿನ ಗ್ಯಾಸಿಗೂ ಹೆಚ್ಚುಕಡಿಮೆ ಮಗನ ಮನೆಯ ಗ್ಯಾಸಿನಷ್ಟೇ ಗಾಳಿ ಬೇಕು. ಕಾರ್ಬನ್ ಮೊನಾಕ್ಸೈಡ್ ರಕ್ತದ ಹಿಮೊಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆ ಸುತ್ತು, ವಾಕರಿಕೆ, ಹೊರಗೆ ಬಂದರೆ ಸರಿಹೋಗುವುದು, ಇವೆಲ್ಲ ಅದರದೇ ಗುರುತು. ಪಿತ್ತ ಅಂತ ನಿಂಬೆಹಣ್ಣಿನ ಪಾನಕ ಕುಡಿದು ಸುಮ್ಮನಾಗಬೇಡಿ, ಡಾಕ್ಟರಿಗೆ ಗೀಸರಿನ ವಿಷಯವನ್ನೂ ಹೇಳಿ.

ಇವತ್ತಿನಿಂದ ಆ ಗೀಸರ್ ಹಚ್ಚಬೇಡಿ. ಅದನ್ನು ಬಚ್ಚಲಿಂದ ತೆಗೆಸಿ, ಗಾಳಿಯಾಡುವ ಹೊರಗಿನ ಜಾಗಕ್ಕೆ, ಯುಟಿಲಿಟಿಯ ತೆರೆದ ಭಾಗಕ್ಕೋ ಬಾಲ್ಕನಿಗೋ ಹಾಕಿಸಿ, ಬಿಸಿನೀರಿನ ಪೈಪು ಮಾತ್ರ ಒಳಗೆ ಬರಲಿ. ಹಾಕಿಸುವವರೆಗೆ ಅಡುಗೆಮನೆಯಲ್ಲಿ ಕಾಯಿಸಿಕೊಂಡು ಬಕೆಟ್ಟಿಗೆ ಹಾಕಿಕೊಳ್ಳಿ. ಬಚ್ಚಲ ಗವಾಕ್ಷಿಗೆ ಚಳಿಗೋ ಸೊಳ್ಳೆಗೋ ರಟ್ಟು ಹೊಡೆದಿದ್ದರೆ ಕಿತ್ತು ಹಾಕಿ. ಆಮೇಲೆ ಮಗನಿಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ಮಲಗುವ ರೂಮಿನ ಹತ್ತಿರ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದೆಯಾ, ಈ ವರ್ಷ ಫರ್ನೇಸನ್ನು ಯಾರಾದರೂ ಬಂದು ನೋಡಿದ್ದಾರಾ. ಅವನು ನಿಮ್ಮ ಗೀಸರ್ ಏನಾಯಿತು ಅಂತ ತಿರುಗಿ ಕೇಳಿದರೆ ಹೇಳಲು ಉತ್ತರ ಇರಲಿ.