ಮೋಡ ಬಿತ್ತನೆ ಸಂಶೋಧನೆಗೆ ಇಷ್ಟೊಂದು ಇಲಾಖೆಗಳೇಕೆ? ವಿಜಯಪುರಕ್ಕೆ ಒಂದು ವಿಮಾನ ಕಳುಹಿಸಿದರೆ ಸಾಲದೇ?

ಸಾಲದು. ಮೋಡಕ್ಕೆ ಲವಣದಂಥ ಕಣಗಳನ್ನು ಚಿಮುಕಿಸಿ ಮಳೆ ಹೆಚ್ಚಿಸಲು ನೋಡುವ ಈ ಕೆಲಸದಲ್ಲಿ ವಿಮಾನ ಹಾರಿಸುವುದು ಸುಲಭದ ಭಾಗ. ಬಿದ್ದ ಮಳೆ ಬಿತ್ತನೆಯಿಂದ ಬಂದದ್ದೇ, ತಾನಾಗಿಯೇ ಬರುತ್ತಿತ್ತೇ ಎಂದು ತೋರಿಸುವುದೇ ಕಷ್ಟ. ಅದಕ್ಕೆ ಬೇಕಾದದ್ದೆಲ್ಲ ಒಂದೇ ಕಚೇರಿಯಲ್ಲಿಲ್ಲ: ಮುನ್ಸೂಚನೆ ಹವಾಮಾನ ಇಲಾಖೆಯದು, ಹಾರಾಟದ ಅನುಮತಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ್ದು, ಪಂಚಾಯಿತಿ ಮಟ್ಟದ ಮಳೆ ಲೆಕ್ಕ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ್ದು.

ಪಕ್ಕದ ಸೊಲ್ಲಾಪುರವನ್ನೇ ನೋಡಿ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ 2018 ಮತ್ತು 2019ರ ಮುಂಗಾರಿನಲ್ಲಿ ಅಲ್ಲಿ ಪ್ರಯೋಗ ನಡೆಸಿತು. ಆಯ್ದ 276 ಮೋಡಗಳಲ್ಲಿ ಕೆಲವಕ್ಕೆ ಬಿತ್ತಿ, ಉಳಿದವನ್ನು ಹಾಗೆಯೇ ಬಿಟ್ಟರು. ಯಾವುದಕ್ಕೆ ಬಿತ್ತಬೇಕು ಎಂಬುದು ವಿಜ್ಞಾನಿಯ ಇಷ್ಟಕ್ಕೆ ಬಿಟ್ಟದ್ದಲ್ಲ, ಚೀಟಿ ಎತ್ತಿದಂತೆ ನಿರ್ಧಾರ. ರೇಡಾರ್ ಮತ್ತು ನೆಲದ ಮಳೆಮಾಪಕಗಳ ಅಳತೆ ಹೋಲಿಸಿದಾಗ, ಗಾಳಿ ಸಾಗುವ ದಿಕ್ಕಿನ 100 ಚದರ ಕಿಲೋಮೀಟರ್‌ನಲ್ಲಿ ಮಳೆ ಸರಾಸರಿ ಶೇ 18ರಷ್ಟು ಹೆಚ್ಚಿತ್ತು. ಇದು ಸಣ್ಣ ಮಾತಲ್ಲ. ಆದರೆ ಯೋಗ್ಯ ಮೋಡ ಇದ್ದಾಗ ಮಾತ್ರ. ಬರಗಾಲದ ಬೋಳು ಆಕಾಶಕ್ಕೆ ಬಿತ್ತನೆಯಿಂದ ಪ್ರಯೋಜನವಿಲ್ಲ.

ನಮ್ಮ ರಾಜ್ಯದ 2017ರ ಮೋಡ ಬಿತ್ತನೆ ಯೋಜನೆ ‘ವರ್ಷಧಾರೆ’ಯನ್ನು ಗ್ರಾಮೀಣಾಭಿವೃದ್ಧಿ ಇಲಾಖೆ ನಡೆಸಿತು. ಅದರ ಗುರಿ ಮಳೆ ತರಿಸುವುದು. ಸಂಶೋಧನೆಯ ಗುರಿ ಬೇರೆ, ಎರಡನ್ನೂ ಬೆರೆಸಬಾರದು.

ಗಡಿಯ ಪ್ರಶ್ನೆಯೂ ಇದೆ. ಮುಂಗಾರಿನ ಗಾಳಿ ಪಶ್ಚಿಮದಿಂದ ಬೀಸುವುದರಿಂದ ಮಹಾರಾಷ್ಟ್ರದ ಜತ್ತದ ಮೇಲೆ ಬಿತ್ತಿದ ಮೋಡ ನಮ್ಮ ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ಸುರಿಯಬಹುದು. ಹೀಗಾಗಿ ಎರಡೂ ರಾಜ್ಯಗಳ ಮಳೆಮಾಪಕಗಳ ದತ್ತಾಂಶ ಒಂದೇ ಕಡೆ ಸೇರಲೇಬೇಕು. ಬಿತ್ತುವ ಸಂಸ್ಥೆಯೇ ಫಲಿತಾಂಶವನ್ನೂ ಅಳೆಯುವ ಪದ್ಧತಿಯನ್ನು ನಾನಂತೂ ಒಪ್ಪುವುದಿಲ್ಲ.